ಎಂಟು ವರ್ಷದವಳನ್ನು ಬಲ್ಲವರು

ಜೂನ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ತಲೆನೋವಿಲ್ಲ, ವಾಂತಿಯಿಲ್ಲ, ಈ ವರ್ಷದ ಸ್ಕ್ಯಾನ್‌ನಲ್ಲೂ ಹೊಸದೇನೂ ಇಲ್ಲ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ಕುಳಿತು ಓದುತ್ತೀಯ. ಇಲ್ಲದಿದ್ದರೆ ಲಕೋಟೆಯ ದಪ್ಪ ನೋಡಿಯೇ ಅಪ್ಪನನ್ನು ಕೂಗಿ, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೊರಟುಬಿಡುವವಳು ನೀನು.

ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳುತ್ತೀಯ. ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನಾನು ಒಂದು ಮಾತಿಗೆ ತಡಕಾಡುವಷ್ಟರಲ್ಲಿ ನೀನು ಅದನ್ನು ಹುಡುಕಿ ನನ್ನ ಬಾಯಿಗೆ ಇಟ್ಟುಬಿಡುತ್ತೀಯ. ಸಹಾಯಕ್ಕೇ, ಗೊತ್ತು. ಆದರೆ ನೀನು ಹುಡುಕಿಕೊಟ್ಟ ಮಾತು ಎಷ್ಟೋ ಸಲ ನಾನು ಹೇಳಹೊರಟದ್ದಾಗಿರುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ಶಕ್ತಿಯಿಲ್ಲದೆ ನಾನು ಹೂಂ ಅಂದುಬಿಡುತ್ತೇನೆ. ಹೀಗೆ ಹದಿನಾರು ವರ್ಷಗಳಿಂದ ನಮ್ಮಿಬ್ಬರ ಮಾತನ್ನೂ ನೀನೊಬ್ಬಳೇ ಆಡಿಕೊಂಡು ಬಂದಿದ್ದೀಯ. ಕಾಗದದಲ್ಲಿ ಆ ಕಷ್ಟವಿಲ್ಲ. ಈ ಸಾಲು ಮುಗಿಸಲು ಅರ್ಧ ಗಂಟೆ ಹಿಡಿದರೂ ಅದು ನಿನಗೆ ಕಾಣುವುದಿಲ್ಲ.

ಇದರ ಜೊತೆ ನಾಲ್ಕು ಪುಟದ ಒಂದು ಫಾರಂ ಇಟ್ಟಿದ್ದೇನೆ. ಮೊದಲ ಪುಟದ ಮೇಲುಗಡೆ ನೋಡು, ‘ಕಾಯಿಲೆಗೆ ಮುಂಚೆ ಈ ವ್ಯಕ್ತಿಯನ್ನು ಹತ್ತಿರದಿಂದ ಬಲ್ಲವರು ತುಂಬಬೇಕು’ ಎಂದಿದೆ. ನನಗೆ ತಲೆಯಲ್ಲಿ ಗೆಡ್ಡೆ ಇದೆ ಎಂದು ಗೊತ್ತಾದಾಗ ಎಂಟು ವರ್ಷ. ಅದಕ್ಕೆ ಮುಂಚಿನ ನನ್ನನ್ನು ಹತ್ತಿರದಿಂದ ಬಲ್ಲವರು ಇಬ್ಬರೇ. ಅಪ್ಪ ಬರೆಯಲು ಕೂತರೆ ಎರಡನೇ ಪ್ರಶ್ನೆಗೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಹಾಗಾಗಿ ನೀನೇ ಬರೆಯಬೇಕು. ಯಾಕೆ ಬೇಕಾಯಿತು ಎಂಬುದನ್ನು ಬಿಡಿಸಿ ಹೇಳದೆ ಫಾರಂ ಮಾತ್ರ ಕಳಿಸಿದರೆ ನೀನು ಏನು ಬರೆಯುತ್ತೀಯ ಎಂದು ನನಗೆ ಗೊತ್ತು. ಅದಕ್ಕೇ ಇಷ್ಟುದ್ದದ ಕಾಗದ.

ಮಂಗಳವಾರ

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ‘ಆಸ್ಪತ್ರೆಯಲ್ಲಿ’ ಎಂದೆ, ನೀನು ಪಕ್ಕದ ಮನೆಯವರಿಗೆ ‘ಆಸ್ಪತ್ರೆಯ ಆಫೀಸಿನಲ್ಲಿ’ ಎಂದು ಹೇಳಿದೆ, ನಾನು ತಿದ್ದಲಿಲ್ಲ. ಆಫೀಸಲ್ಲ ಅಮ್ಮ. ಆಪರೇಷನ್ ಮಾಡುವ ಕೋಣೆಗಳ ಕೆಳಗಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಮೇಲೆ ಬಳಸಿದ ಕತ್ತರಿ, ಇಕ್ಕಳ, ಚಿಮ್ಮಟ ಎಲ್ಲ ಒಂದು ತುದಿಯಿಂದ ಒಳಗೆ ಬರುತ್ತವೆ. ಅವನ್ನು ತೊಳೆದು, ಒಂದೊಂದನ್ನೂ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ, ಎಣಿಸಿ, ಟ್ರೇಯಲ್ಲಿ ಜೋಡಿಸಿ, ಸುತ್ತಿ ಆವಿಯ ಯಂತ್ರಕ್ಕೆ ಹಾಕುತ್ತೇವೆ. ಪ್ರತಿ ಟ್ರೇಗೂ ಒಂದು ಪಟ್ಟಿ ಇರುತ್ತದೆ. ಪಟ್ಟಿ ಕಣ್ಣ ಮುಂದಿರುವ ತನಕ ನನ್ನ ಕೈಯಲ್ಲಿ ಒಂದು ಸೂಜಿಯೂ ತಪ್ಪುವುದಿಲ್ಲ. ಮೂರು ವರ್ಷದಿಂದ ಹಂಗಾಮಿಯಾಗಿ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ಇಷ್ಟ. ಉಗುರಿನಷ್ಟಿರುವ ಚಿಮ್ಮಟಗಳು ಸಾಲಾಗಿ ಮಲಗಿರುವುದನ್ನು ನೋಡಿದರೆ ಏನೋ ಸಮಾಧಾನ.

ಅಲ್ಲಿಯ ಹಿರಿಯಳನ್ನು ನಾವೆಲ್ಲ ಬೆನ್ನ ಹಿಂದೆ ಎಣಿಕೆಯಮ್ಮ ಎನ್ನುತ್ತೇವೆ. ಊಟದ ಡಬ್ಬಿ ತೊಳೆದಿಡುವಾಗಲೂ ಚಮಚಗಳನ್ನು ಎಣಿಸುವವಳು. ಮಾರ್ಚ್ ತಿಂಗಳ ಒಂದು ಸಂಜೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು, “ನಾಳೆ ಬೆಳಿಗ್ಗೆ ಒಂದು ಮಗೂಗೆ ಕಿವಿ ಆಪರೇಷನ್ ಇದೆ. ಸಣ್ಣ ಸೆಟ್ ಹಾಕು. ದೊಡ್ಡ ಹೀರುಕೊಳವೆ ತೆಗೆದು ಸಣ್ಣದು ಇಡು. ಬಾಗಿದ ಕತ್ತರಿ ಬೇಡ, ನೇರದ್ದು ಹಾಕು. ಚಿಮ್ಮಟ ಒಂದು ಜಾಸ್ತಿ ಇರ್ಲಿ.” ಅಷ್ಟು ಹೇಳಿ ಹೊರಟಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆಂದರೆ, ಅದಕ್ಕೊಂದು ಪರೀಕ್ಷೆ ಇದ್ದಿದ್ದರೆ ಊರಿಗೇ ಮೊದಲು ಬರುತ್ತಿದ್ದೆ.

ಟ್ರೇ ಜೋಡಿಸುವಾಗ ಸಣ್ಣ ಸೆಟ್ ನೆನಪಿತ್ತು, ಚಿಮ್ಮಟ ನೆನಪಿತ್ತು. ನಡುವಿನ ಎರಡು ಇರಲಿಲ್ಲ. ಇನ್ನೇನೋ ಇತ್ತು ಎಂಬುದು ಮಾತ್ರ ಗೊತ್ತಿತ್ತು. ಓಡಿಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಆ ಮಗುವನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು. ಅರಿವಳಿಕೆ ಕೊಡುವ ಮುಂಚೆ ನರ್ಸು ಟ್ರೇ ತೆರೆದು ನೋಡಿದ್ದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ ಕೆಳಗಿನಿಂದ ಬೇರೆ ಟ್ರೇ ಹೋಗುವ ತನಕ ಇಪ್ಪತ್ತೈದು ನಿಮಿಷ ಆ ಮಗು ಅಲ್ಲೇ, ಎಚ್ಚರವಾಗಿಯೇ, ಆ ದೊಡ್ಡ ದೀಪದ ಕೆಳಗೆ ಅಳುತ್ತಾ ಮಲಗಿತ್ತು. ಆ ದೀಪದ ಕೆಳಗೆ ಮಲಗುವುದೆಂದರೆ ಏನೆಂದು ಆ ಮಹಡಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ.

ಎಣಿಕೆಯಮ್ಮ ಬಂದು ಕೇಳಿದಳು, “ನಾನು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?”

ನಾನು ಅಂದೆ, “ಕಿವಿ ಮಿಷನ್ನಿನ ಬ್ಯಾಟರಿ ಹೋಗಿತ್ತು ಮೇಡಂ.”

ಬ್ಯಾಟರಿ ಹೊಸದು, ಹಿಂದಿನ ದಿನ ಬೆಳಿಗ್ಗೆಯಷ್ಟೇ ಹಾಕಿದ್ದೆ. ಈ ಉತ್ತರ ಯಾರು ಕಲಿಸಿದ್ದು ಎಂದು ನಿನಗೆ ನೆನಪಿದೆಯಲ್ಲ? ಕಾಲೇಜಿಗೆ ಸೇರಿದ ದಿನ ನೀನೇ ಹೇಳಿದ್ದೆ: ‘ಏನೇ ತಪ್ಪಾದ್ರೂ ಕಿವಿ ಮೇಲೆ ಹಾಕು. ಕಿವಿ ಕೇಳಲ್ಲ ಅಂದ್ರೆ ಜನ ಪಾಪ ಅಂತಾರೆ. ತಲೆ ಅಂದ್ರೆ ದೂರ ಇಡ್ತಾರೆ.’ ನೀನು ಹೇಳಿದ್ದು ಸುಳ್ಳೇನಲ್ಲ. ಎಣಿಕೆಯಮ್ಮನೂ ಪಾಪ ಎಂದಳು. ಔಷಧಿಯಿಂದ ನನ್ನ ಕಿವಿ ಮಂದವಾದದ್ದೂ ನಿಜವೇ. ಆದರೆ ಅವತ್ತು ನನ್ನ ಕಿವಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಹಾಸಿಗೆಗೆ ಬಿದ್ದೆ. ಗಾಬರಿಯಾಗಬೇಡ, ಕಾಯಿಲೆಯಲ್ಲ, ಆಯಾಸ. ಬೇರೆಯವರ ತಲೆ ನಡೆದುಹೋಗುವ ದಾರಿಯನ್ನು ನನ್ನ ತಲೆ ಮೂಟೆ ಹೊತ್ತು ನಡೆಯುತ್ತದೆ, ಸಂಜೆಯ ಹೊತ್ತಿಗೆ ಕೂತುಬಿಡುತ್ತದೆ. ಮೊದಲು ಇದಕ್ಕೆ ನಾಚಿಕೊಳ್ಳುತ್ತಿದ್ದೆ. ಈಗ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡಿದ್ದೇನೆ.

ಆ ಮಗುವಿನ ಅಳು ನನ್ನ ಕಿವಿಗೆ ಬೀಳಲಿಲ್ಲ, ನಾನು ಕೆಳಗಿದ್ದೆ. ಆದರೂ ಅದು ಹೋಗಲಿಲ್ಲ. ಮರುದಿನ ಕೆಲಸ ಶುರುವಾಗುವ ಮುಂಚೆ ಎಣಿಕೆಯಮ್ಮ ಒಬ್ಬಳೇ ಇಕ್ಕಳ ಎಣಿಸುತ್ತಿದ್ದಾಗ ಹೋಗಿ ನಿಂತೆ.

“ಮೇಡಂ, ಮೊನ್ನೆ ಬ್ಯಾಟರಿ ಹೋಗಿರ್ಲಿಲ್ಲ.”

“ಮತ್ತೆ?”

“ಎಲ್ಲಾ ಕೇಳಿಸ್ತು. ಮೂರನೇದು ಹೇಳೋ ಹೊತ್ತಿಗೆ ಎರಡನೇದು ಜಾರಿಹೋಯ್ತು. ಚಿಕ್ಕವಳಿದ್ದಾಗ ತಲೇಲಿ ಗೆಡ್ಡೆ ಆಗಿತ್ತು. ಆಪರೇಷನ್ ಮಾಡಿ, ಆರು ವಾರ ತಲೆಗೆ ಕರೆಂಟು ಕೊಟ್ರು, ಅದೇ ರೇಡಿಯೇಷನ್ನು. ಆವತ್ತಿಂದ ಬಾಯಲ್ಲಿ ಹೇಳಿದ್ದು ಎರಡಕ್ಕಿಂತ ಜಾಸ್ತಿ ನಿಲ್ಲಲ್ಲ.”

ಅವಳು ತಲೆಯೆತ್ತಲಿಲ್ಲ. ಎಣಿಕೆ ಮುಗಿಸಿ, “ಹದಿನೆಂಟು” ಎಂದು ಬರೆದುಕೊಂಡಳು. ಆಮೇಲೆ ಹೇಳಿದಳು:

“ಇದನ್ನ ಮೊದಲ್ನೇ ದಿನ ಹೇಳಿದ್ರೆ ಒಂದು ಬೋರ್ಡ್ ತಂದು ನೇತು ಹಾಕ್ತಿದ್ದೆ. ನಂಗೇನು, ಬಾಯಲ್ಲಿ ಹೇಳೋದೂ ಒಂದೇ, ಕೈಯಲ್ಲಿ ಬರೆಯೋದೂ ಒಂದೇ. ನಂಗೆ ಸಿಟ್ಟಿರೋದು ನೀನು ತಲೆ ಆಡಿಸಿದ್ದಕ್ಕೆ. ಗೊತ್ತಾಗ್ದೇ ಇದ್ರೂ ತಲೆ ಆಡಿಸೋರನ್ನ ನಂಬ್ಕೊಂಡು ನಾನು ಹೇಗೆ ಮೇಲಕ್ಕೆ ಟ್ರೇ ಕಳಿಸ್ಲಿ?”

ಪಾಪ ಎನ್ನಲಿಲ್ಲ ಅಮ್ಮ. ತಪ್ಪಿನ ವರದಿ ಬರೆದಳು, ನನ್ನ ಹೆಸರು ಹಾಕಿದಳು, ನಾನು ಸಹಿ ಮಾಡಿದೆ. ಮಧ್ಯಾಹ್ನ ಗೋಡೆಗೆ ಬಿಳಿ ಬೋರ್ಡ್ ಬಂತು. ಈಗ ಎಲ್ಲರಿಗೂ ಅದರ ಮೇಲೆ ಬರೆದೇ ಹೇಳುವುದು. ನನ್ನ ಜೊತೆಯವರ ತಪ್ಪುಗಳೂ ಕಡಿಮೆಯಾಗಿವೆ, ಆದರೆ ಅವರು ಅದನ್ನು ಒಪ್ಪಿಕೊಳ್ಳುವುದಿಲ್ಲ.

ಮುಂದಿನ ವಾರ ಅವಳೇ ಕೇಳಿದಳು, “ಕಾಯಂ ಆಗೋ ಪರೀಕ್ಷೆ ಇದೆಯಲ್ಲ, ಕಟ್ಟಿದೀಯಾ?” ಅರವತ್ತು ಪ್ರಶ್ನೆ, ಅರವತ್ತು ನಿಮಿಷ. ನಲವತ್ತೈದು ಸರಿಯಾಗಿರಬೇಕು. ಕಾಯಿಲೆಯಿಂದ ನಿಧಾನವಾದವರಿಗೆ ಇನ್ನರ್ಧ ಗಂಟೆ ಹೆಚ್ಚು ಕೊಡಬೇಕೆಂಬ ನಿಯಮ ಇದೆಯಂತೆ, ಆದರೆ ಡಾಕ್ಟರರ ಪತ್ರ ಬೇಕು. ನಾನು ಅರ್ಜಿ ಹಾಕಿ ಪರೀಕ್ಷೆಗೆ ಹೋದೆ. ಪರೀಕ್ಷೆ ಎಂದರೆ ತಲೆಯ ಪರೀಕ್ಷೆ.

ಶನಿವಾರ

ಡಾಕ್ಟರಮ್ಮ ನನ್ನನ್ನು ಒಂದು ಪೂರ್ತಿ ಬೆಳಿಗ್ಗೆ ಕೂರಿಸಿಕೊಂಡರು. ಅಂಕಿಗಳನ್ನು ಹೇಳಿ ಹಿಂದಿನಿಂದ ಒಪ್ಪಿಸಲು ಹೇಳಿದರು. ಮೂರು ಅಂಕಿಯವರೆಗೆ ಬಂತು, ನಾಲ್ಕಕ್ಕೆ ನಾನೇ ಹೊಸ ಅಂಕಿಗಳನ್ನು ಹುಟ್ಟಿಸಿದೆ. ಕತೆಯೊಂದನ್ನು ಓದಿ ಹೇಳಿದರು, ಅರ್ಧ ಗಂಟೆ ಬಿಟ್ಟು ಕೇಳಿದರು. ಒಂದೊಂದು ಅಂಕಿಗೂ ಒಂದು ಗುರುತು ಕೊಟ್ಟು, ಅಂಕಿಗಳ ಕೆಳಗೆ ಅವನ್ನು ಬೇಗ ಬೇಗ ತುಂಬಲು ಹೇಳಿದರು. ಅವರ ಕೈಯಲ್ಲಿ ಗಡಿಯಾರ ಕಂಡ ಕೂಡಲೇ ನನ್ನ ಅಂಗೈ ಬೆವರಿತು. ಅದು ನಿನಗೆ ಗೊತ್ತಿರುವ ಬೆವರೇ.

ಕೊನೆಗೆ ಗಡಿಯಾರವನ್ನು ಡ್ರಾಯರಿಗೆ ಹಾಕಿ, ಬೇರೆ ಲೆಕ್ಕಗಳನ್ನು ಕೊಟ್ಟು, “ಈಗ ನಿಮಗೆ ಎಷ್ಟು ಹೊತ್ತು ಬೇಕೋ ತಗೊಳ್ಳಿ” ಎಂದರು. ಕೊನೆಯದರ ತನಕ ಮಾಡಿದೆ. ಅವರು ನೋಡಿ, “ಗೊತ್ತಿಲ್ಲದೆ ಇರೋದು ಬೇರೆ, ಹೊತ್ತು ಬೇಕಾಗಿರೋದು ಬೇರೆ. ನಿಮ್ಮದು ಎರಡನೇದು” ಎಂದರು. ಹದಿನಾರು ವರ್ಷದಲ್ಲಿ ಯಾರೂ ನನಗೆ ಇಷ್ಟು ಸಣ್ಣ ಮಾತಿನಲ್ಲಿ ನನ್ನನ್ನು ಹೇಳಿಕೊಟ್ಟಿರಲಿಲ್ಲ.

ತಲೆಯೊಳಗೆ ಸುದ್ದಿ ಒಯ್ಯುವ ನರಗಳಿಗೆ ಮೇಲೊಂದು ಹೊದಿಕೆ ಇರುತ್ತದಂತೆ. ಎಂಟರ ವಯಸ್ಸಿನಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ಕರೆಂಟು ಗೆಡ್ಡೆಯನ್ನು ಸುಡುವಾಗ ಆ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಅದಕ್ಕೇ ಪೆಟ್ಟು ಕೂಡಲೇ ಕಾಣುವುದಿಲ್ಲ, ವರ್ಷ ಕಳೆದಂತೆ ಕಾಣುತ್ತದೆ. ಕಲಿತದ್ದು ಕಳೆದುಹೋಗುವುದಲ್ಲ, ಹೊಸದು ಜೊತೆಯವರಷ್ಟು ಬೇಗ ಒಳಗೆ ಬರುವುದಿಲ್ಲ. ಮೂರನೇ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಏಳನೆಯದರಲ್ಲಿ ಹಿಂದೆ ಬಿದ್ದದ್ದು ಹೀಗೆ.

ಆಮೇಲೆ ಅವರು, ಕಾಯಿಲೆಗೆ ಮುಂಚೆ ಹೇಗಿದ್ದಿರಿ ಎಂದು ಕೇಳಿದರು. ನನಗೆ ಹೇಳಲು ಏನೂ ಇರಲಿಲ್ಲ. ಚಿನಕುರುಳಿ ಎಂದು ಕರೆಯುತ್ತಿದ್ದರಂತೆ, ಆರು ವರ್ಷಕ್ಕೇ ಇಪ್ಪತ್ತರ ಮಗ್ಗಿ ಹೇಳುತ್ತಿದ್ದೆನಂತೆ. ಎಲ್ಲವೂ ಅಂತೆ. ಆ ಹುಡುಗಿಯನ್ನು ನಾನು ಕಂಡಿಲ್ಲ. ಫಾರಂ ಕೊಟ್ಟದ್ದು ಆಗಲೇ. “ಬಾಲ್ಯದಲ್ಲಿ ಯಾರಾದರೂ ಪರೀಕ್ಷೆ ಮಾಡಿ ಕೊಟ್ಟ ವರದಿ ಇದ್ರೆ ಇನ್ನೂ ಒಳ್ಳೇದು” ಎಂದರು.

ನಾನು, ಇದೆ ಎಂದೆ.

ಭಾನುವಾರ ಬೆಳಿಗ್ಗೆ

ಹೌದಮ್ಮ, ನನಗೆ ಗೊತ್ತು. ನಿನ್ನ ಬೀರುವಿನ ಕೆಳಗಿನ ಖಾನೆ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ನಡುವೆ, ಕಂದು ಲಕೋಟೆ. ನನಗೆ ಹದಿನಾಲ್ಕಾಗಿದ್ದಾಗ ಖಾಲಿ ಹಾಳೆ ಹುಡುಕುವಾಗ ಸಿಕ್ಕಿತು. ಬಚ್ಚಲಿನಲ್ಲಿ ಕೂತು ನಾಲ್ಕು ದಿನ ಓದಿದೆ. ಅಷ್ಟು ದಿನ ನನಗೆ ಹೊಟ್ಟೆ ಕೆಟ್ಟಿದೆ ಎಂದು ನೀನು ಗಂಜಿ ಮಾಡಿಕೊಟ್ಟೆ.

ನನಗೆ ಹತ್ತು ವರ್ಷವಾಗಿದ್ದಾಗ ಆಸ್ಪತ್ರೆಯವರು ಪರೀಕ್ಷೆ ಮಾಡಿ ಬರೆದ ವರದಿ. ಮುಂದೆ ಏನಾಗಬಹುದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಶಾಲೆಯವರು ಹೆಚ್ಚು ಸಮಯ ಕೊಡಬೇಕು, ಹೇಳುವುದನ್ನು ಬರೆದು ಕೊಡಬೇಕು ಎಂದಿತ್ತು. ಆ ಶಾಲೆಯಲ್ಲಿ ಲೆಕ್ಕದ ಟೀಚರ್ ನೀನೇ. ಮುಖ್ಯೋಪಾಧ್ಯಾಯಿನಿಯ ಮೇಜು ನಿನ್ನ ಮೇಜಿಗೆ ಹತ್ತು ಹೆಜ್ಜೆ. ವರದಿ ಆ ಹತ್ತು ಹೆಜ್ಜೆ ದಾಟಲಿಲ್ಲ. ಬದಲಿಗೆ ಪ್ರತಿ ಸಂಜೆ ಆರರಿಂದ ಎಂಟರವರೆಗೆ ಊಟದ ಮೇಜಿನ ಮೇಲೆ ನೀನು, ನಾನು, ಭಾಗಾಕಾರ. ನೀನು ಒಂದು ದಿನವೂ ಕೈಯೆತ್ತಲಿಲ್ಲ. ಹೇಳಿದ್ದನ್ನೇ ಹದಿನೈದನೇ ಸಲವೂ ಮೊದಲನೇ ಸಲದ ದನಿಯಲ್ಲೇ ಹೇಳುತ್ತಿದ್ದೆ. ಆದರೆ ಆ ದನಿಯ ಕೆಳಗೆ ನೀನು ಯಾರಿಗೋ ಕಾಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಇವತ್ತಲ್ಲ ನಾಳೆ ಆ ಚಿನಕುರುಳಿ ವಾಪಸ್ ಬಂದು ಕುರ್ಚಿಯಲ್ಲಿ ಕೂರುತ್ತಾಳೆ ಎಂದು ಕಾಯುತ್ತಿದ್ದೆ. ಅಲ್ಲಿಯ ತನಕ ಆ ಕುರ್ಚಿಯನ್ನು ಬಿಸಿಯಾಗಿಡುವವಳು ನಾನು.

ಹತ್ತನೆಯ ತರಗತಿಯಲ್ಲಿ ನಾನು ಫೇಲಾದ ದಿನ ನೀನು ಸ್ಟಾಫ್ ರೂಮಿನಲ್ಲಿ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. “ಬುದ್ಧಿಗೇನೂ ಕಮ್ಮಿ ಇಲ್ಲ ಅವಳಿಗೆ. ಸೋಮಾರಿತನ ಅಷ್ಟೆ.” ನಾನು ಬಾಗಿಲಾಚೆ ನಿನ್ನ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಆ ವರದಿಯನ್ನು ಓದಿದ್ದ ನೀನು, ಅದನ್ನು ಓದಿದ್ದ ನನ್ನನ್ನು, ಸೋಮಾರಿ ಎಂದೆ. ನಾನು ಊರು ಬಿಟ್ಟು ಇಷ್ಟು ದೂರ ಕೆಲಸಕ್ಕೆ ಬಂದದ್ದು ಆ ಮಾತಿನಿಂದ. ಸಂಬಳ, ಅನುಭವ ಎಂದೆಲ್ಲ ನಿನಗೆ ಹೇಳಿದ್ದು ಕುಂಟು ನೆಪ.

ಇದನ್ನು ಬರೆದು ಎದ್ದು ಹೋಗಿ ಬಟ್ಟೆ ಒಗೆದು ಬಂದೆ. ಈಗ ಮುಂದಿನದು.

ಕಳೆದ ಚಳಿಗಾಲದಲ್ಲಿ ಅಪ್ಪ ಇಲ್ಲಿಗೆ ಬಂದು ನನ್ನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದರಲ್ಲ, ಆಗ ಕೇಳದೆಯೇ ಒಂದು ವಿಷಯ ಹೇಳಿದರು. ಕರೆಂಟು ಕೊಡುವ ಮುಂಚೆ ಡಾಕ್ಟರ್ ನಿಮ್ಮಿಬ್ಬರನ್ನೂ ಕೂರಿಸಿ ಏನೇನಾಗಬಹುದು ಎಂದು ಒಂದೊಂದಾಗಿ ಹೇಳಿದರಂತೆ. ಎತ್ತರ ಬೆಳೆಯದಿರಬಹುದು, ಕಿವಿ ಮಂದವಾಗಬಹುದು, ಓದಿನಲ್ಲಿ ಹಿಂದೆ ಬೀಳಬಹುದು. ಅಪ್ಪ ಕೂರಲಾಗದೆ ಎದ್ದು ಹೋಗಿ ಬಾಗಿಲ ಹತ್ತಿರ ನಿಂತರಂತೆ. “ನಿಮ್ಮಮ್ಮ ಮಾತ್ರ ಕೂತೇ ಇದ್ಲು. ಒಂದೇ ಪ್ರಶ್ನೆ ಕೇಳಿದ್ಲು, ‘ಬದುಕ್ತಾಳಾ?’ ಅಂತ. ಇದು ಮಾಡಿದ್ರೆ ಬದುಕೋ ಸಾಧ್ಯತೆ ಜಾಸ್ತಿ ಅಂದ್ರು ಡಾಕ್ಟ್ರು. ಪೆನ್ನು ಇಸ್ಕೊಂಡು ಸಹಿ ಹಾಕಿದ್ಲು. ಆ ಪೆನ್ನು ವಾಪಸ್ ಕೊಡೋದೇ ಮರೆತು ಬಸ್ಸಲ್ಲಿ ಮನೆ ತನಕ ಕೈಯಲ್ಲೇ ಹಿಡ್ಕೊಂಡು ಬಂದ್ಲು.”

ಅವತ್ತಿನಿಂದ ಯೋಚಿಸುತ್ತಿದ್ದೇನೆ. ನಾನು ಯೋಚಿಸುವುದು ನಿಧಾನ, ಆರು ತಿಂಗಳು ಬೇಕಾಯಿತು. ಸೋಮಾರಿ ಎಂದದ್ದು ನನ್ನನ್ನು ಬೈಯಲು ಅಲ್ಲ. ಸೋಮಾರಿತನವನ್ನಾದರೆ ಬಿಡಿಸಬಹುದು. ಇನ್ನೊಂದಾದರೆ ನಿನ್ನ ಸಹಿಯೇ ಅದನ್ನು ತಂದದ್ದು ಎಂದಾಗುತ್ತಿತ್ತು. ನೀನು ಹಾಗೆ ಅಂದುಕೊಂಡೇ ಇಷ್ಟು ವರ್ಷ ಬದುಕಿದ್ದೀಯ ಎಂದು ನನಗೆ ಅನ್ನಿಸುತ್ತದೆ. ತಪ್ಪಾಗಿದ್ದರೆ ಬರೆದು ತಿಳಿಸು.

ನಾನಾಗಿದ್ದರೂ ಸಹಿ ಹಾಕುತ್ತಿದ್ದೆ ಅಮ್ಮ. ಸ್ವಲ್ಪ ನಿಧಾನವಾಗಿ ಹಾಕುತ್ತಿದ್ದೆ, ಅಷ್ಟೆ.

ಈಗ ಫಾರಂ. ಒಂಬತ್ತನೆಯ ಪ್ರಶ್ನೆ, ‘ಕಾಯಿಲೆಯ ನಂತರ ವೇಗ, ನೆನಪು, ಗಮನಗಳಲ್ಲಿ ವ್ಯತ್ಯಾಸ ಕಂಡಿದೆಯೇ?’ ಅಲ್ಲಿ ‘ಸ್ವಲ್ಪ’ ಎಂದು ಬರೆಯಬೇಡ. ‘ಸುಸ್ತಾದಾಗ ಮಾತ್ರ’ ಎಂದು ಬರೆಯಬೇಡ. ನನ್ನ ಮಾನ ಉಳಿಸಲು ಏನನ್ನೂ ಮುಚ್ಚಬೇಡ. ಇಪ್ಪತ್ತರ ಮಗ್ಗಿ ಹೇಳುತ್ತಿದ್ದವಳು ಹನ್ನೊಂದು ವರ್ಷಕ್ಕೆ ಭಾಗಾಕಾರದಲ್ಲಿ ನಿಂತದ್ದನ್ನು ಬರೆ. ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದರೆ ಒಂದು ತಂದು, ನಿನ್ನ ಮುಖ ನೋಡಿ ಮತ್ತೆ ಓಡುತ್ತಿದ್ದುದನ್ನು ಬರೆ. ಒಲೆಯ ಮೇಲೆ ಹಾಲಿಟ್ಟು ಮರೆತು ಮನೆಯೆಲ್ಲ ಹೊಗೆಯಾದದ್ದು, ಗೆಳತಿಯರು ನಗುತ್ತಿದ್ದಾಗ ಯಾಕೆಂದು ತಿಳಿಯದೆ ಒಂದು ಕ್ಷಣ ತಡವಾಗಿ ನಕ್ಕದ್ದು, ಆಮೇಲೆ ಅವರು ಬರುವುದನ್ನೇ ನಿಲ್ಲಿಸಿದ್ದು. ನಿನಗೆ ಎಲ್ಲವೂ ನೆನಪಿದೆ. ನಮ್ಮಿಬ್ಬರಲ್ಲಿ ನೆನಪಿನ ಶಕ್ತಿ ಇರುವುದು ನಿನಗೇ. ಅದನ್ನು ನನಗೆ ಸಾಲ ಕೊಡು.

ಕೊನೆಯ ಪುಟದಲ್ಲಿ, ‘ಈ ವ್ಯಕ್ತಿ ಚೆನ್ನಾಗಿ ಮಾಡಬಲ್ಲ ಕೆಲಸಗಳು’ ಎಂದಿದೆ. ಅಲ್ಲಿ ಆ ಎಂಟು ವರ್ಷದವಳನ್ನು ತರಬೇಡ. ಈಗಿನವಳ ಬಗ್ಗೆ ಬರೆ. ತಿಳಿಯದಿದ್ದರೆ ಒಮ್ಮೆ ಬಂದು ನಾಲ್ಕು ದಿನ ಇದ್ದು ನೋಡು, ಆಮೇಲೆ ಬರೆ. ನಾನು ಅಡುಗೆ ಮಾಡುತ್ತೇನೆ. ಒಲೆಗೆ ಗಂಟೆ ಹೊಡೆಯುವ ಗಡಿಯಾರ ಕಟ್ಟಿದ್ದೇನೆ.

ಫಾರಂ ಮತ್ತು ಕಂದು ಲಕೋಟೆ ಈ ತಿಂಗಳ ಇಪ್ಪತ್ತೆಂಟರೊಳಗೆ ನನ್ನ ಕೈಸೇರಬೇಕು. ಕಿವಿಯ ನೆಪವನ್ನು ನಾನು ಬಿಟ್ಟಾಯಿತು. ಈಗ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ, ‘ನಿಧಾನಕ್ಕೆ ಹೇಳಿ, ನಂಗೆ ಹೊತ್ತು ಬೇಕು’ ಎಂದೇ ಹೇಳುತ್ತೇನೆ. ಕೆಲವರು ದೂರ ಸರಿಯುತ್ತಾರೆ, ನೀನು ಹೇಳಿದ ಹಾಗೆಯೇ. ಹೆಚ್ಚಿನವರು ನಿಧಾನಕ್ಕೆ ಹೇಳುತ್ತಾರೆ.

ಅಪ್ಪನಿಗೆ ನಲ್ಲಿ ಸೋರುತ್ತಿಲ್ಲ ಎಂದು ತಿಳಿಸು.

ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯ ಸಾಲದೆ ಇಲ್ಲಿಯ ತನಕ ತಳ್ಳಿಕೊಂಡು ಬಂದೆ. ಆ ಪರೀಕ್ಷೆಗೆ ಕೂರಲು ಒಬ್ಬರಿಗೆ ಮೂರೇ ಅವಕಾಶ. ಎಣಿಕೆಯಮ್ಮನಿಗೂ ಗೊತ್ತಿಲ್ಲದ ಹಾಗೆ ನಾನು ಎರಡು ಸಲ ಕೂತು ಬಂದಿದ್ದೇನೆ, ಎಲ್ಲರ ಹಾಗೆ, ಎಲ್ಲರಷ್ಟೇ ಸಮಯದಲ್ಲಿ. ಮೊದಲ ಸಲ ಮೂವತ್ತಾರನೇ ಪ್ರಶ್ನೆಗೆ ಗಂಟೆ ಹೊಡೆಯಿತು, ಎರಡನೇ ಸಲ ಮೂವತ್ತೆಂಟಕ್ಕೆ. ಆ ಮೂವತ್ತೆಂಟರಲ್ಲಿ ಮೂವತ್ತೇಳು ಸರಿ. ಪ್ರಶ್ನೆಪತ್ರಿಕೆಯನ್ನು ಮನೆಗೆ ತಂದು, ಮೇಜಿನ ಮುಂದೆ ಕೂತು, ಉಳಿದ ಇಪ್ಪತ್ತೆರಡನ್ನೂ ಬರೆದು ನೋಡಿದೆ. ಎಲ್ಲಾ ಗೊತ್ತಿತ್ತು ಅಮ್ಮ.